ಜಾರಬಾರದ ಬಟ್ಟೆ

ಪಟ್ಟಿಯಲ್ಲಿ ಐದು ಸಾಲುಗಳಿದ್ದವು. ನಾಲ್ಕನ್ನು ಓದುವವರೆಗೆ ನಾನು ಚಹಾ ಕುಡಿಯುತ್ತಲೇ ಇದ್ದೆ. ಐದನೆಯದನ್ನು ಓದಿ ಲೋಟ ಕೆಳಗಿಟ್ಟೆ.

ತುಂಬು ತೋಳಿನದು, ಮೈಗೆ ಅಂಟಿ ನಿಲ್ಲುವಂಥದ್ದು, ಎಳೆದರೆ ಹಿಗ್ಗುವಂಥದ್ದು. ಗುಂಡಿ, ಜಿಪ್ಪು, ಹುಕ್ಕು, ಒಳಗೆ ತಂತಿ ಯಾವುದೂ ಬೇಡ. ಕಂಕುಳಲ್ಲಿ, ತೋಳಿನ ಹೊರಬದಿಯಲ್ಲಿ ದಪ್ಪ ಹೊಲಿಗೆ ಬರಬಾರದು. ಬಟ್ಟೆ ಜಾರಬಾರದು. ಕತ್ತರಿಸಬೇಕಾಗಿ ಬಂದರೆ ಬೇಸರವಾಗದಂಥದ್ದಾಗಿರಲಿ.

"ಯಾವ ಕ್ಲಾಸ್ ಅಂದೆ?" ಎಂದು ಕೇಳಿದೆ.

"ವ್ಯಾಯಾಮದ್ದು," ಎಂದಳು ತಂಗಿ, ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ. "ಮೈ ಬಗ್ಗಿಸೋದು, ಹಿಗ್ಗಿಸೋದು. ನೀನು ಬಟ್ಟೆ ಡಾಕ್ಟರ್ ಅಲ್ವಾ, ನೀನೇ ಆರಿಸಿ ಹೊಲಿದುಕೊಡು."

"ವ್ಯಾಯಾಮದ ಬಟ್ಟೆ ಯಾಕೆ ಕತ್ತರಿಸ್ತಾರೆ?"

ಬೆಣ್ಣೆಯ ಚಾಕು ಒಂದು ಕ್ಷಣ ನಿಂತಿತು. "ಸುಮ್ನೆ ಬರೆದಿರ್ತಾರೆ. ನಿನಗೆ ಎಲ್ಲಾನೂ ಪ್ರಶ್ನೆಪತ್ರಿಕೆ."

ನಾನು ಮತ್ತೆ ಕೇಳಲಿಲ್ಲ. ಕಾರಣವಿತ್ತು.

ನಾನು ಬಟ್ಟೆ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಬಟ್ಟೆಯನ್ನು ತೂತು ಬೀಳುವವರೆಗೆ ಉಜ್ಜುವುದು, ಬಣ್ಣ ಬಿಡುವವರೆಗೆ ತೊಳೆಯುವುದು, ಹರಿಯುವವರೆಗೆ ಎಳೆಯುವುದು, ಕೊನೆಗೆ ಒಂದು ಸಂಖ್ಯೆ ಬರೆಯುವುದು. ತಂಗಿ ಕೋರ್ಟಿನಲ್ಲಿ ಟೈಪಿಸ್ಟ್. ಸಾಕ್ಷಿ ಬಾಯಿ ಮುಚ್ಚುವ ಮೊದಲೇ ಅವನ ಮಾತು ಅವಳ ಬೆರಳಿನಿಂದ ಇಳಿದಿರುತ್ತದೆ. ಅವಳು ಪೆನ್ನು ಹಿಡಿದು ಬರೆದರೆ ಮಾತ್ರ ಕೋಳಿ ಕೆದಕಿದಂತೆ ಇರುತ್ತದೆ. ಈ ಪಟ್ಟಿಯ ಅಕ್ಷರಗಳು ದುಂಡಗಿದ್ದವು, ಒಂದೇ ಎತ್ತರದವು, ಒತ್ತಿ ಬರೆದವು. ಯಾರೋ ಹೇಳಿದ್ದನ್ನು ಅವಳು ಬರೆದುಕೊಂಡಿದ್ದಲ್ಲ. ಯಾರೋ ಬರೆದು ಅವಳ ಕೈಗೆ ಕೊಟ್ಟಿದ್ದು.

ಹಿಂದೊಮ್ಮೆ, ಅವಳಿಗೆ ಗಂಡ ಎಂಬುವನಿದ್ದ ಕಾಲದಲ್ಲಿ, ಅವಳ ರಟ್ಟೆಯ ಒಂದು ಬದಿಗೆ ನಾಲ್ಕು, ಇನ್ನೊಂದು ಬದಿಗೆ ಒಂದು ಕಂದು ಕಲೆ ಕಂಡಿದ್ದೆ. ಬಾಗಿಲು ಬಡಿಯಿತು ಎಂದಿದ್ದಳು. ಬಾಗಿಲಿಗೆ ನಾಲ್ಕು ಬೆರಳೂ ಒಂದು ಹೆಬ್ಬೆರಳೂ ಇರುವುದಿಲ್ಲ; ಇದನ್ನು ತಿಳಿಯಲು ಯಾವ ಪದವಿಯೂ ಬೇಡ. ನಾನು "ಹೌದಾ" ಎಂದು ಹೇಳಿ ತಟ್ಟೆ ಇಟ್ಟು ಊಟಕ್ಕೆ ಕರೆದೆ. ಆಮೇಲೆ ಮೂರು ವರ್ಷ ಆ ಬಾಗಿಲು ಬಡಿಯುತ್ತಲೇ ಇತ್ತು.

ಅವನನ್ನು ಬಿಟ್ಟು ನನ್ನ ಮನೆಗೆ ಬಂದ ಮೇಲೆ ನಾನು ಎದುರು ದಿಕ್ಕಿಗೆ ಹೊರಳಿದೆ. ಅವಳ ಮೊಣಕಾಲಿಗೆ ಮೇಜಿನ ಮೂಲೆ ತಾಗಿದರೂ ಎಲ್ಲಿ, ಯಾವಾಗ, ಯಾರು ಇದ್ದರು ಎಂದು ಕೇಳುತ್ತಿದ್ದೆ. ಒಂದು ಸಂಜೆ ಅವಳು ಕೈಯಲ್ಲಿದ್ದ ಬಾಚಣಿಗೆಯನ್ನು ಗೋಡೆಗೆ ಎಸೆದಳು. "ನಾನೇನು ನಿನ್ನ ಸ್ಯಾಂಪಲ್ಲಾ? ನನ್ನ ಮೈ ಮೇಲೆ ಏನಾದ್ರೂ ಕಂಡ್ರೆ ಕೇಳಬೇಡ. ಹೇಳಬೇಕು ಅನ್ನಿಸಿದ್ರೆ ನಾನೇ ಹೇಳ್ತೀನಿ. ಇನ್ನೊಂದ್ಸಲ ಕೇಳಿದ್ಯೋ, ಆವತ್ತೇ ಬೇರೆ ರೂಮು ನೋಡ್ಕೊಳ್ತೀನಿ." ಹೇಳಿದಂತೆ ಮಾಡುವವಳು ಅವಳು. ಆದ್ದರಿಂದ ನಾಲ್ಕು ವರ್ಷದಿಂದ ನಮ್ಮ ಮನೆಯ ನಿಯಮ ಅದೇ: ನಾನು ಕೇಳುವುದಿಲ್ಲ, ಅವಳು ಹೋಗುವುದಿಲ್ಲ.

ಕೇಳಬಾರದು ಎಂದಿದ್ದಳು. ನೋಡಬಾರದು ಎಂದಿರಲಿಲ್ಲ.

ಪಟ್ಟಿ ಬಂದ ಮರುವಾರ, ಒಂದು ಸೋಮವಾರ ಬೆಳಿಗ್ಗೆ, ಅವಳು ಪಾತ್ರೆ ತೊಳೆಯಲು ತೋಳು ಮಡಚಿದಳು. ಎಡ ಮುಂಗೈಯ ಒಳಬದಿಯಲ್ಲಿ ಎರಡು ಸಾಲು ಗುರುತುಗಳಿದ್ದವು. ಏಟಿನ ಗುರುತಲ್ಲ. ಓರೆಯಾದ ಸಣ್ಣ ಸಣ್ಣ ತಗ್ಗುಗಳು, ಗೋಧಿ ಕಾಳುಗಳನ್ನು ಒತ್ತಿ ಜೋಡಿಸಿದಂತೆ, ಒಂದೇ ಅಂತರದಲ್ಲಿ. ಅವಳು ಬಟ್ಟಲು ಒರೆಸಿ ಇಡುವುದರೊಳಗೆ ನಾನು ಎಣಿಸಿದ್ದೆ: ಒಂದು ಹೆಬ್ಬೆರಳಿನ ಅಗಲಕ್ಕೆ ಮೂರು. ಹೊಸೆದ ಎಳೆಗಳಿಂದ ಮಾಡಿದ್ದು ಮಾತ್ರ ಹಾಗೆ ಒತ್ತುತ್ತದೆ.

"ಏನು ನೋಡ್ತಿದ್ದೀಯಾ?"

"ಸೋಪು ಮುಗೀತಾ ಅಂತ."

ಅವಳ ಉಣ್ಣೆಯ ಮೇಲಂಗಿ ಬಾಗಿಲ ಹಿಂದಿನ ಮೊಳೆಗೆ ನೇತು ಬಿದ್ದಿತ್ತು. ಅದರ ಕಾಲರಿನಿಂದ ಒಂದು ಕಂದು ನಾರನ್ನು ಚಿಮಟದಲ್ಲಿ ತೆಗೆದು, ಕಾಗದದಲ್ಲಿ ಮಡಚಿ, ಆಫೀಸಿಗೆ ಒಯ್ದೆ. ಸೂಕ್ಷ್ಮದರ್ಶಕದ ಕೆಳಗೆ ಅದು ಸೆಣಬು ಎಂದು ಹೇಳಲು ಅರ್ಧ ನಿಮಿಷ ಹಿಡಿಯಲಿಲ್ಲ. ಸೆಣಬಿನ ಹಗ್ಗ. ವ್ಯಾಯಾಮದ ಕ್ಲಾಸಿನಲ್ಲಿ ಮುಂಗೈಗೆ ಸೆಣಬಿನ ಹಗ್ಗ.

ಹಾರ್ಡ್‌ವೇರ್ ಅಂಗಡಿಯಲ್ಲಿ ಮೂರು ದಪ್ಪದ ಹಗ್ಗ ಕೊಂಡೆ. ಊಟದ ವಿರಾಮದಲ್ಲಿ ಒಂದೊಂದನ್ನೇ ನನ್ನ ಮುಂಗೈಗೆ ಸುತ್ತಿ, ಹತ್ತು ನಿಮಿಷ ಇಟ್ಟು, ಬಿಚ್ಚಿ, ಗುರುತನ್ನು ಅಳತೆಪಟ್ಟಿಯ ಪಕ್ಕದಲ್ಲಿಟ್ಟು ಫೋಟೋ ತೆಗೆದೆ. ಎರಡನೆಯ ಹಗ್ಗ ಸುತ್ತಿಕೊಂಡು ಕೂತಿದ್ದಾಗ ನಮ್ಮ ಗ್ರಾಂ ಸಾಹೇಬರು ಒಳಗೆ ಬಂದರು. ತೂಕದ ವಿಭಾಗದವರು, ಬಿಸ್ಕತ್ತನ್ನೂ ತೂಗಿಯೇ ತಿನ್ನುವವರು ಎಂದು ಆ ಹೆಸರು.

"ಏನ್ ಮೇಡಂ, ಓಡಿಹೋಗ್ಬಿಡ್ತೀನಿ ಅಂತ ನಿಮ್ಮನ್ನ ನೀವೇ ಕಟ್ಟಿಹಾಕ್ಕೊಂಡ್ರಾ?"

"ಪರೀಕ್ಷೆ."

"ಯಾವ ಗಿರಾಕಿದು?"

"ಖಾಸಗಿ."

ಅವರು ಬಗ್ಗಿ ನೋಡಿದರು. "ಖಾಸಗಿ ಗಿರಾಕಿಗೆ ರಿಪೋರ್ಟ್ ಕೊಡೋ ಮೊದ್ಲು ಗಿರಾಕಿನ ಒಂದ್ಮಾತು ಕೇಳಿ ಮೇಡಂ. ಏನಕ್ಕೆ ಬೇಕು ಅಂತ ಗೊತ್ತಿಲ್ಲದೆ ಬಟ್ಟೆ ಟೆಸ್ಟ್ ಮಾಡಬಾರದು ಅಂತ ನಮಗೆಲ್ಲ ಪಾಠ ಮಾಡಿದ್ದು ನೀವೇ."

ಹೌದು, ನಾನೇ. ಹೊಸಬರು ಬಂದಾಗಲೆಲ್ಲ ಮೊದಲ ದಿನ ಹೇಳುವ ಮಾತು ಅದು: ಪರದೆಯ ಬಟ್ಟೆಗೂ ಪ್ಯಾಂಟಿನ ಬಟ್ಟೆಗೂ ಒಂದೇ ಪರೀಕ್ಷೆ ಮಾಡಿದರೆ ಎರಡೂ ಫಲಿತಾಂಶ ಸುಳ್ಳು. ಗ್ರಾಂ ಸಾಹೇಬರು ಹೋದ ಮೇಲೆ ಹಗ್ಗ ಬಿಚ್ಚಿದೆ. ಆರು ಮಿಲಿಮೀಟರಿನ ಮೂರೆಳೆ ಹಗ್ಗ. ಗುರುತು ಹೊಂದಿತು.

ಒಂದು ಕಡತ ಮಾಡಿದೆ. ನೆನಪಿನಿಂದ ಬರೆದ ಗುರುತಿನ ಚಿತ್ರ, ನಾರಿನ ಚಿತ್ರ, ನನ್ನ ಕೈಯ ಚಿತ್ರಗಳು, ತಾರೀಖು, ವೇಳೆ. ಅವಳು ಪ್ರತಿ ಭಾನುವಾರ ಮಧ್ಯಾಹ್ನ ಮೂರಕ್ಕೆ ಹೊರಡುತ್ತಾಳೆ, ಆರೂವರೆಗೆ ಬರುತ್ತಾಳೆ. ಹೋಗುವ ಮೊದಲು ಓಲೆ, ಸರ, ಉಂಗುರ ತೆಗೆದಿಡುತ್ತಾಳೆ. ಬಂದ ಮೇಲೆ ಹಾಡು ಗುನುಗುತ್ತಾಳೆ. ಹಾಡನ್ನೂ ಬರೆದುಕೊಂಡೆ. ಆ ಗಂಡನ ಕಾಲದಲ್ಲೂ ಅವಳು ಗುನುಗುತ್ತಿದ್ದಳು, ನಾನು ಎದುರಿಗಿದ್ದಾಗ ಮಾತ್ರ.

ಪಟ್ಟಿಯನ್ನು ಹೊಸ ಕಣ್ಣಿನಿಂದ ಓದಿದೆ. ಗುಂಡಿ ಬೇಡ, ಹುಕ್ಕು ಬೇಡ: ಹಗ್ಗಕ್ಕೆ ಅಡ್ಡ ಬರುತ್ತದೆ. ಕತ್ತರಿಸಿದರೂ ಬೇಸರವಾಗದ್ದು: ಅದರ ಬಗ್ಗೆ ಯೋಚಿಸಲೂ ನನಗೆ ಮನಸ್ಸಾಗಲಿಲ್ಲ. ಉಳಿದದ್ದು ನಾಲ್ಕನೆಯ ಸಾಲು. ಬಟ್ಟೆ ಜಾರಬಾರದು. ಇದು ಯಾರ ಅನುಕೂಲ? ಬಟ್ಟೆ ಜಾರಿದರೆ ಹಗ್ಗ ಜಾರುತ್ತದೆ, ಹಗ್ಗ ಜಾರಿದರೆ ಒಳಗಿರುವವಳು ನುಣುಚಿಕೊಳ್ಳಬಹುದು. ಜಾರಬಾರದೆಂದು ಬರೆದವನು ಕಟ್ಟುವವನು. ಅವಳು ಬಿಡಿಸಿಕೊಳ್ಳಬಾರದು ಎಂಬುದೇ ಅವನಿಗೆ ಬೇಕು.

ಹೀಗೆ ಒಂದು ತೀರ್ಮಾನಕ್ಕೆ ಬಂದಾಗ ನನಗೆ ಆದ ನೆಮ್ಮದಿಯನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಬಾಯಿ ತೆರೆಯದೆಯೇ ಅವಳನ್ನು ಕಾಪಾಡುವ ದಾರಿ ಸಿಕ್ಕಿತ್ತು.

ಆರು ಬಟ್ಟೆಗಳನ್ನು ತೆಗೆದುಕೊಂಡೆ. ಒಂದೊಂದನ್ನೂ ಹಲಗೆಗೆ ಬಿಗಿದು, ಮೇಲೆ ಹಗ್ಗದ ತುಂಡು ಕಟ್ಟಿದ ತೂಕದ ಬಿಲ್ಲೆ ಇಟ್ಟು, ಯಂತ್ರದಿಂದ ನಿಧಾನವಾಗಿ ಎಳೆಸಿದೆ. ಹತ್ತಿಯ ಹೆಣಿಗೆ ಬಟ್ಟೆಯ ಮೇಲೆ ಹಗ್ಗ ಮೊಂಡು ಎತ್ತಿನಂತೆ ತಡೆದು ತಡೆದು ಸರಿಯಿತು. ಹೊಳಪು ಕೊಟ್ಟ ನೈಲಾನಿನ ಮೇಲೆ ಎಣ್ಣೆಯಲ್ಲಿ ಹೋದಂತೆ ಹೋಯಿತು; ಹತ್ತಿಯ ಅರ್ಧದಷ್ಟೂ ತಡೆ ಇಲ್ಲ. ಚರ್ಮ ಉಜ್ಜುವುದಿಲ್ಲ, ಗುರುತು ಬೀಳುವುದಿಲ್ಲ, ಬೇಕೆಂದಾಗ ತೋಳು ಎಳೆದುಕೊಳ್ಳಬಹುದು. ಹಿಗ್ಗುವ ನೈಲಾನು, ಗಾಢ ನೀಲಿ ಬಣ್ಣ. ಶುಕ್ರವಾರ, ಶನಿವಾರ ಎರಡು ಸಂಜೆ ಕೂತು ಹೊಲಿದೆ. ಕಂಕುಳಿನ ಹೊಲಿಗೆಯನ್ನು ಚಪ್ಪಟೆ ಮಾಡಿದೆ, ತೋಳಿನ ಹೊಲಿಗೆಯನ್ನು ಒಳಬದಿಗೆ ತಂದೆ. ಪಟ್ಟಿಯ ಉಳಿದೆಲ್ಲ ಸಾಲುಗಳನ್ನೂ ಅಕ್ಷರಶಃ ಪಾಲಿಸಿದೆ.

ತಂಗಿ ಹಾಕಿಕೊಂಡು ಕನ್ನಡಿಯ ಮುಂದೆ ತಿರುಗಿದಳು. "ಅಕ್ಕಾ! ಎರಡನೇ ಚರ್ಮದ ಹಾಗಿದೆ." ಆಮೇಲೆ ತೋಳಿನ ಮೇಲೆ ಬೆರಳಾಡಿಸಿದಳು. "ಸ್ವಲ್ಪ ಜಾರುತ್ತೆ ಅಲ್ವಾ?"

"ಇಲ್ಲ," ಎಂದೆ. "ಕೈಗೆ ಹಾಗನ್ನಿಸುತ್ತೆ. ಲ್ಯಾಬಲ್ಲಿ ಟೆಸ್ಟ್ ಮಾಡಿದ್ದೀನಿ. ಜಾರಲ್ಲ."

ಅವಳು ಕನ್ನಡಿಯಲ್ಲಿಯೇ ನನ್ನ ಮುಖ ನೋಡಿ ನಕ್ಕಳು. "ನೀನು ಟೆಸ್ಟ್ ಮಾಡಿದ್ದೀಯಾ ಅಂದ್ರೆ ಮುಗೀತು."

ಆ ಭಾನುವಾರ ಅವಳು ಬಂದದ್ದು ಏಳೂಕಾಲಿಗೆ. ಬಾಗಿಲನ್ನು ಎಡಗೈಯಿಂದ ತೆಗೆದಳು. ಮೇಲಂಗಿಯ ಕೆಳಗೆ ಬೇರೆ ಯಾರದೋ ಅಂಗಿ ಇತ್ತು. ಬಲಗೈ ಮಣಿಕಟ್ಟಿನಿಂದ ಕೆಳಗೆ ಜೋತು ಬಿದ್ದಿತ್ತು, ನೀರಿಲ್ಲದ ಗಿಡದ ಎಲೆಯ ಹಾಗೆ. ಎತ್ತಲು ನೋಡಿದಳು. ಬೆರಳು ಮಡಚಿದವು, ಕೈ ಏಳಲಿಲ್ಲ.

"ಬಸ್ಸಲ್ಲಿ ಕೈ ಮೇಲೆ ಒರಗಿ ನಿದ್ದೆ ಹೋಗ್ಬಿಟ್ಟೆ ಅಕ್ಕ," ಎಂದಳು.

ಬಾಗಿಲು ಬಡಿಯಿತು, ಎಂದು ಕೇಳಿಸಿತು ನನಗೆ.

ಸೋಮವಾರ ನರದ ವೈದ್ಯರು ಅವಳ ತೋಳಿನ ಹೊರಬದಿಯನ್ನು ಒತ್ತಿ ನೋಡಿ, ಇಲ್ಲಿ ಮೂಳೆಗೆ ಅಂಟಿಕೊಂಡಂತೆ ಒಂದು ನರ ಹಾದುಹೋಗುತ್ತದೆ, ಅದರ ಮೇಲೆ ಯಾವುದೋ ಕಿರಿದಾದ ವಸ್ತು ಒತ್ತಿದೆ ಎಂದರು. ಬಸ್ಸಿನ ಸೀಟಾ ಎಂದು ಕೇಳಿದರು. ತಂಗಿ ಇರಬಹುದು ಎಂದಳು. ವಾರಗಳು ಹಿಡಿಯಬಹುದು, ಬರುವ ಸಂಭವವೇ ಹೆಚ್ಚು, ಖಚಿತವಾಗಿ ಹೇಳಲಾಗದು ಎಂದರು. ಮಣಿಕಟ್ಟಿಗೆ ಪಟ್ಟಿ ಕಟ್ಟಿದರು. ಅವಳ ಜೀವನವೆಲ್ಲ ಆ ಹತ್ತು ಬೆರಳಿನಲ್ಲಿತ್ತು. ಮನೆಗೆ ಬರುವ ದಾರಿಯಲ್ಲಿ ನಕ್ಕಳು: "ಒಂದು ಕೈಯಲ್ಲಿ ಟೈಪ್ ಮಾಡಿದ್ರೆ ಸಾಕ್ಷಿಗಳದು ಅರ್ಧ ಸತ್ಯಾನೇ ದಾಖಲಾಗೋದು." ನನಗೆ ನಗು ಬರಲಿಲ್ಲ. ಏಳು ವರ್ಷದ ಹಿಂದಿನಂತೆಯೇ ಮತ್ತೆ ತಟ್ಟೆ ಇಡುತ್ತಿದ್ದೇನೆ ಅನ್ನಿಸಿತು.

ಮರುದಿನ ರಜೆ ಹಾಕಿದೆ. ಪಟ್ಟಿಯ ಕಾಗದ ಕಡತದಲ್ಲಿಯೇ ಇತ್ತು. ಅದರ ಹಿಂಬದಿಯನ್ನು ಇಷ್ಟು ದಿನ ಸರಿಯಾಗಿ ನೋಡಿರಲಿಲ್ಲ. ಅದು ಅಚ್ಚಾದ ಚೀಟಿ. ಮೇಲ್ದವಡೆ, ಕೆಳದವಡೆ ಎಂದು ಎರಡು ಕಮಾನುಗಳ ಚಿತ್ರ, ಹಲ್ಲಿನ ಬಣ್ಣದ ಸಂಖ್ಯೆ ಬರೆಯಲು ಒಂದು ಚೌಕ, ಕೆಳಗೆ ವಿಳಾಸ. ಕಟ್ಟುಹಲ್ಲು ಮಾಡುವ ಕಾರ್ಖಾನೆ.

ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ, ಸೈಕಲ್ ರಿಪೇರಿ ಅಂಗಡಿಯ ಮೇಲೆ, ಒಂದೇ ಕೋಣೆ. ಗೋಡೆಯುದ್ದಕ್ಕೂ ಕಪಾಟುಗಳಲ್ಲಿ ಹಲ್ಲಿನ ಸಾಲುಗಳು, ಯಾರೂ ಇಲ್ಲದ ನಗುಗಳು. ಎಲ್ಲದರ ಮೇಲೂ ಪ್ಲಾಸ್ಟರಿನ ಬಿಳಿ ಹುಡಿ. ಮೇಜಿನ ದೀಪದ ಕೆಳಗೆ ಐವತ್ತರ ಆಸುಪಾಸಿನ ಗಂಡಸೊಬ್ಬ ಮೇಣದ ಒಸಡಿಗೆ ಸಣ್ಣ ಚಾಕುವಿನಿಂದ ಅಂಚು ಕೊಡುತ್ತಿದ್ದ. ಗೋಡೆಯ ಗೂಟದಲ್ಲಿ ಸಿಂಬೆ ಸುತ್ತಿದ ಸೆಣಬಿನ ಹಗ್ಗಗಳು ನೇತಾಡುತ್ತಿದ್ದವು. ಮುಚ್ಚಿಡುವಷ್ಟು ನಾಚಿಕೆಯೂ ಇಲ್ಲ ಎಂದುಕೊಂಡೆ.

ಅವನು ತಲೆಯೆತ್ತಿದ. ನನ್ನ ಮುಖದಲ್ಲಿ ತಂಗಿಯ ಮುಖ ಕಂಡಿರಬೇಕು. ಎದ್ದು ನಿಂತ. "ಅಕ್ಕ ಅಲ್ವಾ ನೀವು? ಕೈ ಹೇಗಿದೆ? ಬೆಳಗ್ಗೆಯಿಂದ ನಾಲ್ಕು ಸಲ ಫೋನ್ ಮಾಡ್ದೆ, ಎತ್ತಲಿಲ್ಲ."

"ನಾನು ನಿಮಗೆ ಅಕ್ಕ ಅಲ್ಲ," ಎಂದು ಕಡತವನ್ನು ಹಲ್ಲುಗಳ ನಡುವೆ ಇಟ್ಟೆ. "ಇದರಲ್ಲಿ ಹನ್ನೊಂದು ಪುಟ ಇದೆ. ಇಲ್ಲಿಂದ ಪೊಲೀಸ್ ಠಾಣೆ ನೂರು ಹೆಜ್ಜೆ. ಮೊದಲು ನಿಮ್ಮ ಬಾಯಿಂದ ಕೇಳಬೇಕು. ಅವಳ ಕೈಗೆ ಏನು ಮಾಡಿದ್ರಿ?"

ಅವನು ಸ್ಟೂಲು ತೋರಿಸಿದ. ನಾನು ಕೂರಲಿಲ್ಲ.

"ಹಗ್ಗ ಕಟ್ಟಿದೆ," ಎಂದ. "ಜಪಾನಿನವರ ರೀತಿ ಅದು. ಇಷ್ಟ ಇರೋರು ಏಳೆಂಟು ಜನ ಸೇರ್ತೀವಿ, ಕೆಳಗಿನ ಬೀದೀಲಿ ಒಂದು ನೃತ್ಯಶಾಲೆ ಇದೆ, ಭಾನುವಾರ ಖಾಲಿ. ಕಟ್ಟೋರು ಕಟ್ತಾರೆ, ಕಟ್ಟಿಸ್ಕೊಳ್ಳೋರು ಕಟ್ಟಿಸ್ಕೊಳ್ತಾರೆ. ಬಟ್ಟೆ ಹಾಕ್ಕೊಂಡೇ. ಅವರು ಸಾಕು ಅಂದ್ರೆ ಸಾಕು. ನಾವಿಬ್ರೂ ವರ್ಷದಿಂದ ಜೊತೆಗಿದ್ದೀವಿ. ನಿಮಗೆ ಅವಳೇ ಹೇಳ್ಬೇಕಿತ್ತು. ಹೇಳ್ತೀನಿ ಹೇಳ್ತೀನಿ ಅಂತಾನೇ ಇದ್ಲು."

"ಸಾಕು ಅಂದ್ರೆ ಸಾಕು ಅನ್ನೋರು ಅವಳ ಕೈ ಯಾಕೆ ಹಾಗೆ ಮಾಡಿದ್ರಿ?"

"ಹಗ್ಗ ಜಾರ್ತು."

ಅವನು ತನ್ನ ತೋಳನ್ನೇ ತೋರಿಸಿದ. ಎದೆಯ ಸುತ್ತ ಬರುವ ಸುತ್ತು ತೋಳಿನ ಹೊರಬದಿಯಲ್ಲಿ, ಭುಜದ ಮಾಂಸಖಂಡ ಮುಗಿಯುವ ಮೊದಲೇ ಕೂರಬೇಕು. ಅಲ್ಲಿ ಮೆತ್ತೆ ಇರುತ್ತದೆ. ಅದಕ್ಕಿಂತ ನಾಲ್ಕು ಬೆರಳು ಕೆಳಗೆ ನರ ಮೂಳೆಯ ಮೇಲೆ ಬರುತ್ತದೆ, ಅಲ್ಲಿ ಹಗ್ಗ ಹೋಗಲೇಬಾರದು. "ಅದಕ್ಕೇ ಬಟ್ಟೆ ಜಾರಬಾರದು ಅನ್ನೋದು. ಹತ್ತಿ ಬಟ್ಟೆ ಹಗ್ಗಾನ ಇಟ್ಟ ಜಾಗದಲ್ಲೇ ಹಿಡಿದಿಡುತ್ತೆ. ಮೊನ್ನೆ ಅವಳು ಹಿಂದಕ್ಕೆ ವಾಲಿದ್ಲು, ಭಾರ ಎಲ್ಲ ಹಗ್ಗಕ್ಕೆ ಬಂತು. ಸರಕ್ ಅಂತ ಇಳೀತು. ಜುಮ್ ಅಂತಿದೆ ಅಂದ್ಲು. ಬಿಚ್ಚೋಕೆ ಹೋದೆ, ಗಂಟು ಬಿಗಿದುಹೋಗಿತ್ತು. ಕತ್ತರಿ ಹಾಕ್ದೆ, ಹಗ್ಗಾನೂ ತೋಳೂ ಒಟ್ಟಿಗೆ ಕತ್ತರಿಸ್ದೆ." ಎಂದವನು ನನ್ನ ಕಣ್ಣು ನೋಡಿ ಗಾಬರಿಯಾಗಿ, "ಬಟ್ಟೆ ತೋಳು!" ಎಂದ.

ಐದನೆಯ ಸಾಲು. ಕತ್ತರಿಸಬೇಕಾಗಿ ಬಂದರೆ.

"ತಪ್ಪು ನಂದೇ," ಎಂದ ಅವನು, ಬೆರಳಿಗಂಟಿದ ಮೇಣವನ್ನು ಕೀಳುತ್ತಾ. "ಕಟ್ಟೋನು ನಾನು. ಮುಟ್ಟಿ ನೋಡ್ದೆ, ನುಣುಪು ಅನ್ನಿಸ್ತು, ಕೇಳ್ದೆ. ಅಕ್ಕ ಲ್ಯಾಬಲ್ಲಿ ಟೆಸ್ಟ್ ಮಾಡಿದ್ದಾಳೆ, ಜಾರಲ್ಲ ಅಂದಿದ್ದಾಳೆ ಅಂದ್ಲು. ಆದ್ರೂ ನನ್ನ ಕೈ ಹೇಳಿದ್ದನ್ನ ನಾನು ನಂಬಬೇಕಿತ್ತು. ನಂಬಲಿಲ್ಲ, ಕಟ್ಟಿದೆ."

ಅವನನ್ನು ನಂಬಲು ನನಗೆ ಇಷ್ಟವಿರಲಿಲ್ಲ. ಅವಳ ಗಂಡನೂ ಚೆನ್ನಾಗಿ ಮಾತಾಡುತ್ತಿದ್ದ. ತಪ್ಪು ನನ್ನದೇ ಎಂದು ಅವನೂ ಮೊದಮೊದಲು ಹೇಳುತ್ತಿದ್ದ. "ಅಂಗಿ ಎಲ್ಲಿ?" ಎಂದೆ.

ಕಾಗದದ ಚೀಲದಲ್ಲಿತ್ತು. ಕಿಟಕಿಯ ಬಳಿ ಒಯ್ದು, ಪರ್ಸಿನಿಂದ ಮಸೂರ ತೆಗೆದೆ. ಜನ ಸುಳ್ಳು ಹೇಳಬಹುದು, ಉಜ್ಜಿದ ಬಟ್ಟೆ ಹೇಳುವುದಿಲ್ಲ. ಅದನ್ನು ಓದುವುದಷ್ಟೇ ನನಗೆ ನಿಜವಾಗಿ ಬರುವುದು. ಬಲ ತೋಳು ಉದ್ದಕ್ಕೆ ಕತ್ತರಿಸಿತ್ತು. ಎರಡು ತುಂಡುಗಳನ್ನು ಜೋಡಿಸಿ ಹಿಡಿದೆ. ಭುಜದ ಕೆಳಗೆ, ಅವನು ಹೇಳಿದ ಎತ್ತರದಲ್ಲಿಯೇ, ಹಗ್ಗ ಕೂತ ಗುರುತು: ಅಚ್ಚುಕಟ್ಟಾದ ಎರಡು ಸಮಾನಾಂತರ ಸಾಲು, ಒಂದರ ಮೇಲೊಂದು ಏರಿಲ್ಲ, ತಿರುಚಿಲ್ಲ. ಅಲ್ಲಿಂದ ಕೆಳಕ್ಕೆ ಆರು ಸೆಂಟಿಮೀಟರ್ ಉದ್ದಕ್ಕೆ ಮಸುಕಾದ ಪಟ್ಟೆ, ನೈಲಾನಿನ ಹೊಳಪು ಒರೆಸಿಹೋದ ಜಾಡು, ಅದರಲ್ಲಿ ಸಿಕ್ಕಿಕೊಂಡ ಸೆಣಬಿನ ನಾರುಗಳೆಲ್ಲ ಒಂದೇ ದಿಕ್ಕಿಗೆ ಬಾಚಿದಂತೆ ಮಲಗಿದ್ದವು. ಜಾಡಿನ ಕೊನೆಯಲ್ಲಿ ಮತ್ತೆ ಒತ್ತಿದ ಗುರುತು. ಯಾರೂ ಎಳೆದಿರಲಿಲ್ಲ. ಎಳೆದಿದ್ದರೆ ನಾರು ಓರೆಯಾಗಿ ಮಲಗುತ್ತಿತ್ತು. ಇದು ತಾನಾಗಿ ಇಳಿದದ್ದು, ನನ್ನ ಯಂತ್ರದಲ್ಲಿ ತೂಕದ ಬಿಲ್ಲೆ ಸರಿದ ಹಾಗೆಯೇ, ನಾನು ಮೆಚ್ಚಿ ಸಂಖ್ಯೆ ಬರೆದುಕೊಂಡ ಹಾಗೆಯೇ.

ಇಷ್ಟು ವರ್ಷದಲ್ಲಿ ಎಷ್ಟೋ ಜನ ತಯಾರಕರಿಗೆ, ನಿಮ್ಮ ಬಟ್ಟೆಯ ದೋಷ ಇದು ಎಂದು ಬರೆದು ಕಳಿಸಿದ್ದೇನೆ. ಆ ಕಿಟಕಿಯ ಬಳಿ ನಾನೇ ತಯಾರಕಳಾಗಿದ್ದೆ.

"ಕೂತ್ಕೊಳ್ಳಿ," ಎಂದ ಹಲ್ಲಿನವನು. ಈ ಸಲ ಕೂತೆ.

ಮನೆಗೆ ಬಂದಾಗ ತಂಗಿ ಎಡಗೈಯಿಂದ ಕಿತ್ತಳೆ ಸುಲಿಯಲು ಒದ್ದಾಡುತ್ತಿದ್ದಳು. ಕಡತವನ್ನೂ ಕತ್ತರಿಸಿದ ಅಂಗಿಯನ್ನೂ ಮೇಜಿನ ಮೇಲಿಟ್ಟೆ. ಅಂಗಿ ನೋಡಿದ ಕೂಡಲೇ ಅವಳಿಗೆ ನಾನು ಎಲ್ಲಿಗೆ ಹೋಗಿದ್ದೆ ಎಂದು ತಿಳಿಯಿತು.

"ಅವನನ್ನ ಬೈದ್ಯಾ?"

"ಬೈದೆ."

"ಪಾಪ ಕಣೆ ಅಕ್ಕ, ಅವನದೇನೂ ತಪ್ಪಿಲ್ಲ. ಬಟ್ಟೆ ಸ್ವಲ್ಪ ಜಾರ್ತು. ನಿನಗೆ ಹೇಳಿದ್ರೆ ನೊಂದ್ಕೊಳ್ತೀಯ ಅಂತ ಬಸ್ಸು ಗಿಸ್ಸು ಅಂತ ಏನೋ ಹೇಳ್ದೆ. ನಿನಗೇನು ಗೊತ್ತು, ಹಗ್ಗಕ್ಕೆ ಅಂತ ನಾನೇ ಹೇಳಿರಲಿಲ್ಲ."

ಅಲ್ಲಿಗೆ ಬಿಟ್ಟುಬಿಡಬಹುದಿತ್ತು. ಅವಳೇ ನನಗೊಂದು ಬಾಗಿಲು ಮಾಡಿಕೊಟ್ಟಿದ್ದಳು. ಬಡಿಯಿತು ಎಂದುಕೊಂಡು ಹೋಗಬಹುದಿತ್ತು.

"ಗೊತ್ತಿತ್ತು," ಎಂದೆ. "ಹಗ್ಗ ಅಂತ ಗೊತ್ತಿತ್ತು. ಆರು ಬಟ್ಟೆ ಮೇಲೆ ಹಗ್ಗ ಇಟ್ಟೇ ಟೆಸ್ಟ್ ಮಾಡ್ದೆ. ಎಲ್ಲಕ್ಕಿಂತ ಹೆಚ್ಚು ಜಾರೋದನ್ನ ಆರಿಸ್ದೆ. ಬೇಕಂತಲೇ. ಜಾರಲ್ಲ ಅಂತ ನಿನಗೆ ಸುಳ್ಳು ಹೇಳ್ದೆ."

ಅವಳು ಕಿತ್ತಳೆಯನ್ನು ಕೆಳಗಿಟ್ಟಳು. ಎಡಗೈಯಿಂದ ಕಡತ ತೆರೆದಳು. ಒಂದೊಂದೇ ಪುಟ. 'ಮಾದರಿ ಒಂದು: ಎಡ ಮುಂಗೈ, ಒಳಬದಿ.' 'ಮಾದರಿ ಎರಡು: ಕಾಲರಿನ ನಾರು.' ಹಾಡಿನ ಪುಟಕ್ಕೆ ಬಂದು ನಿಂತಳು.

"ನಾನು ಗುನುಗೋದನ್ನೂ ಬರ್ಕೊಂಡಿದ್ದೀಯಾ?"

"ಹೂಂ."

"ಕೊನೆಗೂ ಸ್ಯಾಂಪಲ್ಲೇ ಆದೆ." ದನಿ ಏರಲಿಲ್ಲ, ಬಾಚಣಿಗೆ ಎಸೆದಿದ್ದರೆ ಚೆನ್ನಾಗಿರುತ್ತಿತ್ತು. "ಆ ಗಂಡ ಹೊಡೀತಿದ್ದಾಗ ನೀನು ನೋಡಿ ಸುಮ್ಮನಿದ್ದೆ. ಈಗ ಯಾರೂ ಹೊಡೀದೆ ಇರೋವಾಗ ಕದ್ದು ನೋಡಿ ಕೈ ಮುರಿಸ್ದೆ. ಮಧ್ಯದಲ್ಲಿ ಒಂದು ಸಲ, ಒಂದೇ ಒಂದು ಸಲ, ಬಾಯಿಬಿಟ್ಟು ಕೇಳೋಕೆ ಏನಾಗಿತ್ತು ನಿನಗೆ?"

"ಕೇಳಿದ್ರೆ ಹೋಗ್ತೀನಿ ಅಂದಿದ್ದೆ."

"ಹೋಗ್ತಿದ್ದೆ! ಎರಡು ದಿನಕ್ಕೆ ವಾಪಸ್ ಬರ್ತಿದ್ದೆ! ಅಷ್ಟೂ ಗೊತ್ತಿಲ್ವಾ?"

ನಿಜವಾಗಿಯೂ ಗೊತ್ತಿರಲಿಲ್ಲ.

ಅವಳು ಹೋದಳು. ಹಲ್ಲಿನವನ ಬಳಿಗಲ್ಲ, ಕೋರ್ಟಿನ ಗೆಳತಿಯ ಮನೆಗೆ. ಎರಡು ದಿನಕ್ಕೆ ಬರಲಿಲ್ಲ; ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನ ನಾನು ಯಾವುದನ್ನೂ ಬರೆದುಕೊಳ್ಳಲಿಲ್ಲ. ಹತ್ತನೆಯ ದಿನ ಸಂಜೆ ಬಾಗಿಲು ತೆರೆದಾಗ ಅವಳು ಚೀಲದೊಂದಿಗೆ ನಿಂತಿದ್ದಳು. ಒಳಗೆ ಬಂದು, ಅಡುಗೆಮನೆಯ ಕುರ್ಚಿಯಲ್ಲಿ ಕೂತು, ಪಟ್ಟಿ ಕಟ್ಟಿದ ಕೈಯನ್ನು ಮೇಜಿನ ಮೇಲಿಟ್ಟಳು.

"ಹಳೇ ನಿಯಮ ರದ್ದು. ಕೇಳು ಈಗ. ಏನೇನು ಕೇಳಬೇಕೋ ಎಲ್ಲ ಕೇಳು."

ನೂರು ಪ್ರಶ್ನೆಗಳಿದ್ದವು, ಬಾಯಿಗೆ ಬಂದದ್ದು ಒಂದೇ. "ಅದರಲ್ಲಿ ಏನಿದೆ ನಿನಗೆ?"

"ಕೈಗೆ ರಜೆ," ಎಂದಳು. "ದಿನವಿಡೀ ಊರವರ ಜಗಳ ಎಲ್ಲ ಈ ಬೆರಳಲ್ಲಿ ಹರಿಯುತ್ತೆ. ಯಾರು ಯಾರಿಗೆ ಹೊಡೆದ್ರು, ಯಾರು ಸುಳ್ಳು ಹೇಳಿದ್ರು. ಮನೇಲಿ ಸುಮ್ಮನೆ ಕೂತ್ರೂ ಬೆರಳು ಟೈಪ್ ಮಾಡ್ತಾನೇ ಇರುತ್ತೆ, ನೀನೇ ನೋಡಿದ್ದೀಯಾ. ಅಲ್ಲಿ ಕಟ್ಟಿದ ಮೇಲೆ ಮಾಡೋಕಾಗಲ್ಲ. ನಿಲ್ಲುತ್ತೆ. ಮತ್ತೆ..." ಎಡಗೈಯಿಂದ ಮಣಿಕಟ್ಟಿನ ಪಟ್ಟಿ ಸರಿಮಾಡಿಕೊಂಡಳು. "ಸಾಕು ಅಂದ್ರೆ ಒಬ್ಬ ಗಂಡಸು ಆ ಕ್ಷಣ ನಿಲ್ಲಿಸ್ತಾನೆ. ಮೊದಮೊದಲು ಬರೀ ಅದನ್ನ ಪರೀಕ್ಷೆ ಮಾಡೋಕೇ ಸಾಕು ಅಂತಿದ್ದೆ. ಹತ್ತು ಸಲ, ಇಪ್ಪತ್ತು ಸಲ. ನಿನ್ನ ತಂಗಿ ಅಲ್ವಾ."

ಏಳನೆಯ ವಾರದಲ್ಲಿ ಅವಳ ಕೈ ಎದ್ದಿತು. ಮೊದಲು ಮಣಿಕಟ್ಟು, ಆಮೇಲೆ ಬೆರಳುಗಳು, ಕೊನೆಗೆ ಹೆಬ್ಬೆರಳು. ಕೋರ್ಟಿಗೆ ಹೋದಳು. ಇನ್ನೂ ಎರಡು ತಿಂಗಳು ಕಳೆದ ಮೇಲೆ ಒಂದು ಶನಿವಾರ ಇಬ್ಬರೂ ಲ್ಯಾಬಿಗೆ ಹೋದೆವು. ಒಂದೊಂದು ಬಟ್ಟೆಯ ಮೇಲೂ ಅವಳೇ ಹಗ್ಗ ಹಿಡಿದು ಎಳೆದು ನೋಡಿ ಒಂದನ್ನು ಆರಿಸಿದಳು. ಸಣ್ಣ ಏಣುಗಳಿರುವ ಹತ್ತಿಯ ಹೆಣಿಗೆ, ನೂರಕ್ಕೆ ಐದರಷ್ಟು ಹಿಗ್ಗುವ ನೂಲು. ನೋಡಲು ಚೆಂದವಿಲ್ಲ, ಪಾತ್ರೆ ಒರೆಸುವ ಬಟ್ಟೆಯ ಬಣ್ಣ. ಮೂಲೆಯಲ್ಲಿ ಬಿಸ್ಕತ್ತು ತೂಗುತ್ತಿದ್ದ ಗ್ರಾಂ ಸಾಹೇಬರು "ಖಾಸಗಿ ಗಿರಾಕಿ ಇವರೇನಾ?" ಎಂದರು. "ನಾನೇ," ಎಂದಳು ತಂಗಿ, "ಅಕ್ಕ ಕೊನೆಗೂ ನನ್ನನ್ನ ಒಂದ್ಮಾತು ಕೇಳಿದ್ಲು."

ಮರುದಿನ ಮಧ್ಯಾಹ್ನ ಮೂರಕ್ಕೆ ಆ ನೃತ್ಯಶಾಲೆಯಲ್ಲಿ ನಾನೂ ಇದ್ದೆ. ಮರದ ನೆಲ, ಒಂದು ಗೋಡೆಗೆ ಕನ್ನಡಿ, ಮೂಲೆಯಲ್ಲಿ ಮಡಚಿದ ಚಾಪೆಗಳು. ಇನ್ನಿಬ್ಬರು ಆಚೆ ಬದಿಯಲ್ಲಿ ತಮ್ಮ ಪಾಡಿಗೆ ಹಗ್ಗ ಸುತ್ತುತ್ತಿದ್ದರು. ಹಲ್ಲಿನವನು ನನಗೆ ಕುರ್ಚಿ ಹಾಕಿ, ತುದಿ ಮೊಂಡಾದ ದೊಡ್ಡ ಕತ್ತರಿಯೊಂದನ್ನು ನನ್ನ ಕೈಗೇ ಕೊಟ್ಟ. "ಇದು ನಿಮ್ಮ ಹತ್ರಾನೇ ಇರ್ಲಿ. ನಿಮಗೆ ಅನುಮಾನ ಬಂದ್ರೆ ಕತ್ತರಿಸಿ. ನನ್ನನ್ನ ಕೇಳ್ಬೇಡಿ."

"ಅನುಮಾನ ಈಗಲೇ ಇದೆ," ಎಂದೆ.

"ಅಕ್ಕಾ, ಇನ್ನೂ ಹಗ್ಗ ಬಿಚ್ಚಿಲ್ಲ ಅವನು," ಎಂದಳು ತಂಗಿ, ಚಾಪೆಯ ಮೇಲೆ ಕೂತು ಕೈಗಳನ್ನು ಬೆನ್ನ ಹಿಂದೆ ಮಡಚುತ್ತಾ. "ಸುಮ್ನೆ ಕೂತ್ಕೋ."

ಅವನು ತೋಳಿನ ಮೇಲಿನ ಬಟ್ಟೆಯನ್ನು ಮೊದಲು ಬೆರಳಿನಿಂದ ಉಜ್ಜಿ ನೋಡಿದ. ಆಮೇಲೆ ಹಗ್ಗ ಇಟ್ಟು, ಭುಜದ ಮೆತ್ತೆಯ ಮೇಲೆ ಕೂರಿಸಿ, ಮೇಲಕ್ಕೂ ಕೆಳಕ್ಕೂ ದೂಡಿ ನೋಡಿದ. ಅದು ಅಲುಗಲಿಲ್ಲ. ನಾನು ಕುರ್ಚಿಯನ್ನು ಎರಡು ಅಡಿ ಮುಂದಕ್ಕೆ ಎಳೆದುಕೊಂಡೆ. ಅವನ ಕೈ ನೋಡಿದೆ, ಅವಳ ಮುಖ ನೋಡಿದೆ, ಮತ್ತೆ ಅವನ ಕೈ. ಎಲ್ಲವೂ ಸರಿಯಾಗಿಯೇ ಇತ್ತು. ಆದರೂ ಕತ್ತರಿಯ ಹಿಡಿಯಿಂದ ಬೆರಳು ತೆಗೆಯಲಿಲ್ಲ. ಈ ಮನುಷ್ಯನನ್ನು ನಾನು ಎಂದಾದರೂ ಪೂರ್ತಿ ನಂಬುತ್ತೇನೆಯೇ ಎಂದು ಗೊತ್ತಿಲ್ಲ. ಅದನ್ನು ಅವನಿಗೂ ಹೇಳಿದ್ದೇನೆ, ಅವಳಿಗೂ ಹೇಳಿದ್ದೇನೆ.

ಐದು ನಿಮಿಷಕ್ಕೆ ನಾನು ಎದ್ದು ಅವಳ ಬೆನ್ನ ಹಿಂದೆ ಹೋಗಿ ಮಂಡಿಯೂರಿದೆ. ನನ್ನ ಅಂಗೈಯನ್ನು ಅವಳ ಬಲಗೈಯ ಹಿಂಬದಿಯ ಮೇಲೆ ಒತ್ತಿ ಇಟ್ಟೆ. ಹೀಗೆ ನೋಡಬೇಕು ಎಂದು ಹೇಳಿಕೊಟ್ಟದ್ದು ನರದ ವೈದ್ಯರು.

"ಜುಮ್ ಅಂತಿದೆಯಾ?" ಎಂದು ಕೇಳಿದೆ.

"ಇಲ್ಲ."

"ನಿಜವಾಗ್ಲೂ?"

"ನಿಜವಾಗ್ಲೂ ಇಲ್ಲ. ಕೇಳ್ತಾ ಇರು," ಎಂದಳು, ಮತ್ತು ಅವಳ ಕೈ ನನ್ನ ಅಂಗೈಯನ್ನು ಮೇಲಕ್ಕೆ ದೂಡಿತು, ಗಟ್ಟಿಯಾಗಿ, ನಾನು ಇನ್ನಷ್ಟು ಒತ್ತಿದರೂ ಬಗ್ಗದೆ.